ಮಿಶಿಗನ್ನಿನಿಂದ ಹುಬ್ಬಳ್ಳಿಗೆ: ಡಾ. ನಾ. ಸು. ಹರ್ಡೀಕರ್

ಕರ್ನಾಟಕದ ಶಾಲೆಗಳಲ್ಲಿ ಓದಿ ಬಂದ ನಮ್ಮಲ್ಲಿ ಅನೇಕರಿಗೆ ಸೇವಾದಳ ಎಂಬ ಹೆಸರು ಹೊಸದಲ್ಲ. ಸಮವಸ್ತ್ರ ತೊಟ್ಟು ಸಾಲಾಗಿ ನಿಂತದ್ದು, ಬೆಳಗಿನ ಕವಾಯತು, ಧ್ವಜ ಕಟ್ಟುವ ಮತ್ತು ಏರಿಸುವ ಕ್ರಮವನ್ನು ಮೇಷ್ಟರು ಮತ್ತೆ ಮತ್ತೆ ತಿದ್ದಿ ಕಲಿಸಿದ್ದು, ಇವೆಲ್ಲ ಬಾಲ್ಯದ ನೆನಪುಗಳಲ್ಲಿ ಸೇರಿಹೋಗಿವೆ. ಆ ದಳವನ್ನು ಕಟ್ಟಿದವರು ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್ ಎಂಬುದೂ ಕೆಲವರಿಗೆ ಗೊತ್ತಿದ್ದೀತು. ಆದರೆ ಆ ಡಾಕ್ಟರು ತಮ್ಮ ತಾರುಣ್ಯದ ಎಂಟು ವರ್ಷಗಳನ್ನು ಅಮೆರಿಕದಲ್ಲಿ ಕಳೆದರು, ಅಲ್ಲಿಯ ಸಾರ್ವಜನಿಕ ಜೀವನದ ನಡುವೆ ನಿಂತು ಭಾರತದ ಪರವಾಗಿ ದುಡಿದರು, ಸಂಘಟನೆಯ ಪಾಠಗಳಲ್ಲಿ ಬಹುಪಾಲನ್ನು ಅಲ್ಲಿಯೇ ಕಲಿತರು ಎಂಬ ಸಂಗತಿ ನಮ್ಮ ಪಠ್ಯಪುಸ್ತಕಗಳ ಅಂಚಿನಲ್ಲೂ ಬರಲಿಲ್ಲ. ಕಡಲಾಚೆಗೆ ಬಂದು ನೆಲೆಸಿದ ನಮ್ಮಂಥ ಕುಟುಂಬಗಳಿಗೆ ಆ ಸಂಗತಿ ವಿಶೇಷವಾಗಿ ಬೇಕಾದದ್ದು. ಆದ್ದರಿಂದ ಸಂಘದ ಸಂಸ್ಥಾಪನಾ ದಿನದ ಈ ಸಂಚಿಕೆಗೆ ಅವರ ಜೀವನವನ್ನೇ ಆರಿಸಿಕೊಂಡಿದ್ದೇವೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಬಿಡೋಣ. ಕರ್ನಾಟಕದ ಗಾಂಧಿ ಎಂದು ಹೆಸರಾದ, ಬನವಾಸಿಯಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು ಬೇರೆ. ನಮ್ಮ ಡಾಕ್ಟರ್ ಹರ್ಡೀಕರ್ ಬೇರೆ. ಇಬ್ಬರೂ ಸಮಕಾಲೀನರು, ಇಬ್ಬರೂ ದೇಶಭಕ್ತರು, ಹೆಸರುಗಳೂ ಹತ್ತಿರ ಹತ್ತಿರ. ಹೀಗಾಗಿ ಒಬ್ಬರ ಕೀರ್ತಿ ಇನ್ನೊಬ್ಬರ ಖಾತೆಗೆ ಜಮೆಯಾಗುವುದುಂಟು.

ಹುಟ್ಟು ಮತ್ತು ವಿದ್ಯೆ

ಹರ್ಡೀಕರ್ ಅವರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆಯಲ್ಲಿ ಲೋಕಮಾನ್ಯ ತಿಲಕರು ಆಡಿದ ಮಾತು ಧಾರವಾಡ, ಬೆಳಗಾವಿಗಳ ಓಣಿಗಳಲ್ಲಿ ಪ್ರತಿಧ್ವನಿಸುತ್ತಿದ್ದ ಕಾಲವದು. 1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿಯ ಕಿಡಿ ಹಾರಿದಾಗ ಅವರಿಗೆ ಹದಿನಾರು ವರ್ಷ. ಮುಂದೆ ವೈದ್ಯಕೀಯ ಓದಲು ಅವರು ಹೋದದ್ದು ಅದೇ ಬಂಗಾಳಕ್ಕೆ. ಕಲಕತ್ತೆಯ ಕಾಲೇಜ್ ಆಫ್ ಫಿಜಿಷಿಯನ್ಸ್ ಅಂಡ್ ಸರ್ಜನ್ಸ್‌ನಲ್ಲಿ ಓದಿ ವೈದ್ಯರಾದರು. ಊರಿಗೆ ಮರಳಿ ಬೋರ್ಡು ತೂಗುಹಾಕಿದ್ದರೆ ಸುಖವಾಗಿ ಸಾಗುವಷ್ಟು ವೃತ್ತಿ ಅವರಿಗಾಗಿ ಕಾದಿತ್ತು. ಅವರು ಆರಿಸಿಕೊಂಡ ದಾರಿ ಬೇರೆ. 1913ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೊರಟರು.

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಕೈಗೊಂಡ ವಿಷಯ ಸಾರ್ವಜನಿಕ ಆರೋಗ್ಯ. ಇದರ ಮಹತ್ವವನ್ನು ವೈದ್ಯರಲ್ಲದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡುವ ಚಿಕಿತ್ಸೆ ಒಂದು ಬಗೆ. ಊರಿಗೆ ಊರೇ ಕಾಯಿಲೆ ಬೀಳದಂತೆ ಕುಡಿಯುವ ನೀರು, ಚರಂಡಿ, ಹಾಲು, ಮಾಂಸ, ವಸತಿ ಇವುಗಳನ್ನು ಸರಿಪಡಿಸುವುದು ಇನ್ನೊಂದು ಬಗೆ. ಎರಡನೆಯದು ಔಷಧಿಯಿಂದ ಆಗುವಂಥದ್ದಲ್ಲ. ಕಾನೂನು, ತೆರಿಗೆ, ಪುರಸಭೆ, ಜನಾಭಿಪ್ರಾಯ ಎಲ್ಲವೂ ಕೂಡಿಬರಬೇಕು. ಅಮೆರಿಕದಲ್ಲಿ ಆಗ ಇದೇ ದೊಡ್ಡ ರಾಜಕೀಯವಾಗಿತ್ತು. ಮಾಂಸದ ಕಾರ್ಖಾನೆಗಳ ಹೊಲಸನ್ನು ಅಪ್ಟನ್ ಸಿಂಕ್ಲೇರ್ ಕಾದಂಬರಿಯೊಂದರಲ್ಲಿ ಬಯಲಿಗೆಳೆದ 1906ರಲ್ಲಿಯೇ ಮಾಂಸ ತಪಾಸಣೆಯ ಕಾನೂನೂ ಶುದ್ಧ ಆಹಾರದ ಕಾನೂನೂ ಬಂದಿದ್ದವು. ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ 1909ರಲ್ಲಿ ಆರಂಭವಾದ ರಾಕ್‌ಫೆಲರ್ ಆಯೋಗದ ಕೆಲಸ ಹಳ್ಳಿಹಳ್ಳಿಗೂ ಮುಟ್ಟಿತ್ತು. ಮಿಶಿಗನ್ನಿನ ವೈದ್ಯಕೀಯ ಶಾಲೆಗೆ ಆಗ ಡೀನ್ ಆಗಿದ್ದ ವಿಕ್ಟರ್ ವಾನ್ ಈ ಶಾಸ್ತ್ರದ ಅಗ್ರಗಣ್ಯರಲ್ಲೊಬ್ಬರು. ಇಂಥ ವಾತಾವರಣದಲ್ಲಿ ಹರ್ಡೀಕರ್ 1916ರಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದರು.

ಓದಿನ ಜೊತೆಗೆ ಭಾರತೀಯ ವಿದ್ಯಾರ್ಥಿಗಳ ಸಂಘಟನೆಯಾದ ಹಿಂದುಸ್ತಾನ್ ಅಸೋಸಿಯೇಷನ್ ಆಫ್ ಅಮೆರಿಕದಲ್ಲಿಯೂ ಅವರು ಮುಂದಾಳಾಗಿದ್ದರು. ಪರದೇಶದಲ್ಲಿ ಸಂಘ ನಡೆಸುವ ಕಷ್ಟ ಈ ಸಂಚಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಚಂದಾ ವಸೂಲಿ, ಸಭೆಗೆ ಜಾಗ ಹುಡುಕುವುದು, ಭಾಷೆ ಬೇರೆ ಊರು ಬೇರೆ ಎಂಬ ಭೇದಗಳನ್ನು ಮರೆಸುವುದು, ಇವೆಲ್ಲ ಅಂದಿಗೂ ಇದ್ದ ತೊಡಕುಗಳೇ.

ಲಾಲಾಜಿಯವರ ಬಲಗೈ

ಮೊದಲನೆಯ ಮಹಾಯುದ್ಧ 1914ರಲ್ಲಿ ಆರಂಭವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಪಂಜಾಬಿನ ನಾಯಕ ಲಾಲಾ ಲಜಪತರಾಯರು ಅಮೆರಿಕಕ್ಕೆ ಬಂದರು. ಕೆಲವು ತಿಂಗಳ ಪ್ರವಾಸಕ್ಕೆಂದು ಬಂದವರಿಗೆ ಯುದ್ಧ ಮುಗಿಯುವವರೆಗೂ ಸ್ವದೇಶಕ್ಕೆ ಮರಳಲು ಬ್ರಿಟಿಷ್ ಸರ್ಕಾರದ ಅನುಮತಿ ದೊರೆಯಲಿಲ್ಲ. ನಡುವೆ ಜಪಾನಿಗೆ ಹೋಗಿಬಂದದ್ದನ್ನು ಬಿಟ್ಟರೆ ಐದು ವರ್ಷ ಅಲ್ಲಿಯೇ ಉಳಿದರು. ಆ ಬಲವಂತದ ವನವಾಸವನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ಭಾರತದ ಸ್ಥಿತಿಯನ್ನು ಅಮೆರಿಕದ ಜನರ ಮುಂದಿಡುವ ಪುಸ್ತಕಗಳನ್ನು ಬರೆದರು. ಬೂಕರ್ ಟಿ. ವಾಷಿಂಗ್ಟನ್, ಡು ಬಾಯ್ಸ್ ಮುಂತಾದ ಕರಿಯ ಜನಾಂಗದ ಧುರೀಣರನ್ನು ಕಂಡು ಆ ದೇಶದ ಒಳಗಿನ ನೋವನ್ನೂ ಅರಿತರು.

ಅಲ್ಲಿದ್ದ ಭಾರತೀಯರ ಮುಂದೆ ಆಗ ಎರಡು ದಾರಿಗಳಿದ್ದವು. ಪಶ್ಚಿಮ ಕರಾವಳಿಯಲ್ಲಿ 1913ರಲ್ಲಿ ಹುಟ್ಟಿದ ಗದರ್ ಪಕ್ಷದವರದು ಶಸ್ತ್ರದ ದಾರಿ. ಜರ್ಮನಿಯ ಹಣ ಮತ್ತು ಬಂದೂಕುಗಳ ನೆರವಿನಿಂದ ಭಾರತದಲ್ಲಿ ದಂಗೆ ಎಬ್ಬಿಸುವುದು ಅವರ ಯೋಜನೆ. ಲಾಲಾಜಿಯವರು ಆ ಹಣವನ್ನು ಮುಟ್ಟಲಿಲ್ಲ. ಬಹಿರಂಗ ಸಭೆ, ಪತ್ರಿಕೆ, ಪುಸ್ತಕ, ವಾದ ಇವು ಅವರ ಸಾಧನಗಳು. ಹರ್ಡೀಕರ್ ಲಾಲಾಜಿಯವರ ಪಕ್ಕದಲ್ಲಿ ನಿಂತರು. 1917ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕ ಸ್ಥಾಪನೆಯಾಯಿತು. ಲಾಲಾಜಿ ಅಧ್ಯಕ್ಷರು, ಹರ್ಡೀಕರ್ ಕಾರ್ಯದರ್ಶಿ. ಇದರ ಮಾತೃಸಂಸ್ಥೆಯಂತಿದ್ದ ತಿಲಕರ ಹೋಮ್ ರೂಲ್ ಲೀಗ್ 1916ರ ಏಪ್ರಿಲಿನಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ ಎಂಬುದನ್ನು ಕನ್ನಡಿಗರು ನೆನೆಯಬೇಕು.

ಕಾಲ ಅನುಕೂಲವಾಗಿರಲಿಲ್ಲ. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕಿಳಿದು ಬ್ರಿಟನ್ನಿನ ಮಿತ್ರನಾಗಿತ್ತು. ಮಿತ್ರನನ್ನು ಟೀಕಿಸುವವರ ಮೇಲೆ ಜನರಿಗೂ ಪೊಲೀಸರಿಗೂ ಸಂಶಯ. ಆ ವರ್ಷದ ಜೂನಿನಲ್ಲಿ ಬೇಹುಗಾರಿಕೆ ತಡೆಯ ಕಾನೂನು ಬಂತು. ಫೆಬ್ರವರಿಯಲ್ಲೇ, ಅಧ್ಯಕ್ಷ ವಿಲ್ಸನ್ನರ ನಿಷೇಧಾಧಿಕಾರವನ್ನೂ ಮೀರಿ, ಅಮೆರಿಕದ ಸಂಸತ್ತು ಹೊಸ ವಲಸೆ ಕಾನೂನು ಮಾಡಿ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದ ಕಾರ್ಮಿಕರಿಗೆ ಬಾಗಿಲು ಮುಚ್ಚಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ 1917ರ ನವೆಂಬರಿನಲ್ಲಿ ಆರಂಭವಾದ ಮೊಕದ್ದಮೆ 1918ರ ಏಪ್ರಿಲಿನವರೆಗೆ ನಡೆದು, ಕೊನೆಗೆ ನ್ಯಾಯಾಲಯದ ಒಳಗೇ ಆರೋಪಿಯೊಬ್ಬ ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದ. ಭಾರತೀಯ ಎಂದರೆ ಸಂಚುಗಾರ ಎಂದು ಪತ್ರಿಕೆಗಳು ಬರೆಯುತ್ತಿದ್ದ ಆ ದಿನಗಳಲ್ಲಿ, ಹೆಸರು ವಿಳಾಸ ಮುದ್ರಿಸಿಕೊಂಡು ಬಹಿರಂಗವಾಗಿ ಕಚೇರಿ ತೆರೆದು ಕೂರುವುದಕ್ಕೆ ಎಂಟೆದೆ ಬೇಕಿತ್ತು.

1918ರ ಜನವರಿಯಿಂದ ಲೀಗಿನ ಮಾಸಪತ್ರಿಕೆ ಯಂಗ್ ಇಂಡಿಯಾ ಹೊರಬರತೊಡಗಿತು. ಅದೇ ತಿಂಗಳ 8ರಂದು ವಿಲ್ಸನ್ನರು ತಮ್ಮ ಪ್ರಸಿದ್ಧವಾದ ಹದಿನಾಲ್ಕು ಅಂಶಗಳನ್ನು ಘೋಷಿಸಿದರು. ಯುದ್ಧ ಮುಗಿದ ಮೇಲೆ ಜನಾಂಗಗಳು ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವಂತಾಗಬೇಕೆಂಬ ಆಸೆ ಲೋಕದಲ್ಲೆಲ್ಲ ಹಬ್ಬಿತು. ಆ ತತ್ವ ಪೋಲೆಂಡಿಗೆ ಸಲ್ಲುವುದಾದರೆ ಭಾರತಕ್ಕೇಕೆ ಸಲ್ಲದು ಎಂಬುದು ಲೀಗಿನ ನೇರವಾದ ಪ್ರಶ್ನೆ. ಈ ಪ್ರಶ್ನೆಯನ್ನು ಹೊತ್ತು ಹರ್ಡೀಕರ್ ಊರಿಂದೂರಿಗೆ ಹೋಗಿ ಭಾಷಣ ಮಾಡಿದರು, ಸದಸ್ಯರನ್ನು ನೋಂದಾಯಿಸಿದರು. ಯೂನಿಟೇರಿಯನ್ ಪಂಥದ ವೃದ್ಧ ಪಾದ್ರಿ ಜೆ. ಟಿ. ಸಂಡರ್‌ಲ್ಯಾಂಡ್ ಅವರಂಥ ಸಜ್ಜನರು ಭಾರತದ ಪರವಾಗಿ ಲೇಖನಿ ಹಿಡಿದರು. ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿದ್ದ ಡಡ್ಲಿ ಫೀಲ್ಡ್ ಮೆಲೋನ್ ಎಂಬ ವಕೀಲರು ಭಾರತದ ವಾದವನ್ನು ಕೈಗೆತ್ತಿಕೊಂಡರು. ಮತದಾನದ ಹಕ್ಕು ಕೇಳಿ ಶ್ವೇತಭವನದ ಮುಂದೆ ನಿಂತ ಹೆಣ್ಣುಮಕ್ಕಳನ್ನು ಸರ್ಕಾರ ಜೈಲಿಗೆ ಕಳಿಸಿದ್ದನ್ನು ಪ್ರತಿಭಟಿಸಿ 1917ರಲ್ಲಿ ಆ ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟವರು ಇವರೇ.

1919ರ ಆಗಸ್ಟಿನಲ್ಲಿ, ವರ್ಸೇಲ್ಸ್ ಒಪ್ಪಂದದ ವಿಚಾರಣೆ ನಡೆಸುತ್ತಿದ್ದ ಸೆನೆಟ್ಟಿನ ವಿದೇಶಾಂಗ ಸಮಿತಿಯ ಮುಂದೆ ಮೆಲೋನ್ ಭಾರತದ ಅಹವಾಲನ್ನು ಮಂಡಿಸಿದರು. ಹೊಸದಾಗಿ ಹುಟ್ಟಲಿದ್ದ ರಾಷ್ಟ್ರಸಂಘದಲ್ಲಿ ಭಾರತಕ್ಕೂ ಒಂದು ಸದಸ್ಯ ಸ್ಥಾನವಿತ್ತು. ಆದರೆ ಆ ಸ್ಥಾನದಲ್ಲಿ ಕೂರುವವರನ್ನು ಕಳಿಸುವುದು ಬ್ರಿಟಿಷ್ ಸರ್ಕಾರ. ಬ್ರಿಟನ್ನು ಮತ್ತು ಅದರ ಅಧೀನ ದೇಶಗಳು ಸೇರಿ ಆರು ಮತ, ಅಮೆರಿಕಕ್ಕೆ ಒಂದೇ ಮತ ಎಂಬ ಆಕ್ಷೇಪ ಸೆನೆಟ್ಟಿನಲ್ಲಿ ಬಲವಾಗಿ ಎದ್ದಿತು. 1919ರ ನವೆಂಬರಿನಲ್ಲಿ ಒಮ್ಮೆ, 1920ರ ಮಾರ್ಚಿನಲ್ಲಿ ಮತ್ತೊಮ್ಮೆ ಸೆನೆಟ್ ಒಪ್ಪಂದವನ್ನು ತಳ್ಳಿಹಾಕಿತು. ಅದು ಅಮೆರಿಕದವರು ತಮ್ಮ ಹಿತ ನೋಡಿಕೊಂಡು ಮಾಡಿದ ತೀರ್ಮಾನ. ಭಾರತಕ್ಕೆ ಅದರಿಂದ ಸ್ವರಾಜ್ಯ ಬರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ಕೊಟ್ಟಿತು.

ಹಾಗಾದರೆ ಎಂಟು ವರ್ಷಗಳ ದುಡಿಮೆಯ ಫಲವೇನು ಎಂದು ಕೇಳಬಹುದು. ನಮ್ಮ ಎಣಿಕೆಯಲ್ಲಿ ಆ ಫಲ ಕಾಣಬೇಕಾದದ್ದು ವಾಷಿಂಗ್ಟನ್ನಿನಲ್ಲಿ ಅಲ್ಲ, ಹುಬ್ಬಳ್ಳಿಯಲ್ಲಿ. ಅನ್ಯರ ಸಹಾನುಭೂತಿಯಿಂದ ದೇಶ ಬಿಡುಗಡೆಯಾಗದು ಎಂಬುದನ್ನು ಆ ವರ್ಷಗಳು ತೋರಿಸಿದ್ದವು. ಸದಸ್ಯರ ಪಟ್ಟಿ, ಲೆಕ್ಕದ ಪುಸ್ತಕ, ತಪ್ಪದ ಸಭೆ, ವೇಳೆಗೆ ಸರಿಯಾಗಿ ಬರುವ ಪತ್ರಿಕೆ ಇವುಗಳಿಂದ ಸಾಮಾನ್ಯ ಜನರೂ ಸರ್ಕಾರಗಳನ್ನು ಅಲುಗಿಸಬಲ್ಲರು ಎಂಬುದನ್ನೂ ತೋರಿಸಿದ್ದವು. ಅಮೆರಿಕದ ಹೆಂಗಸರು ಬೀದಿಯಲ್ಲಿ ನಿಂತು, ಜೈಲು ಕಂಡು, 1920ರಲ್ಲಿ ಮತದಾನದ ಹಕ್ಕನ್ನು ಪಡೆದದ್ದು ಅವರು ಅಲ್ಲಿದ್ದಾಗಲೇ ನಡೆದ ಘಟನೆ.

ಮರಳಿ ಮಣ್ಣಿಗೆ

ಲಾಲಾಜಿಯವರು 1920ರ ಫೆಬ್ರವರಿಯಲ್ಲಿ ಭಾರತ ತಲುಪಿದರು. ಹರ್ಡೀಕರ್ 1921ರಲ್ಲಿ ಮರಳಿದರು. ಮೂವತ್ತೆರಡು ವರ್ಷದ ವೈದ್ಯ, ಕೈಯಲ್ಲಿ ಅಮೆರಿಕದ ಪದವಿ, ಆ ಶಾಸ್ತ್ರ ಬಲ್ಲವರು ದೇಶದಲ್ಲೇ ಬೆರಳೆಣಿಕೆಯಷ್ಟು. ವೃತ್ತಿ ಹಿಡಿದಿದ್ದರೆ ಹಣವೂ ಹೆಸರೂ ತಾವಾಗಿ ಬರುತ್ತಿದ್ದವು. ದೀರ್ಘಕಾಲ ಓದಿ, ರಾತ್ರಿಪಾಳಿಗಳಲ್ಲಿ ರೆಸಿಡೆನ್ಸಿ ಮುಗಿಸಿದ ನಮ್ಮಂಥವರಿಗೆ ಆ ಪದವಿಯನ್ನು ಪಕ್ಕಕ್ಕಿಡುವುದೆಂದರೆ ಏನೆಂಬುದು ಗೊತ್ತು. ನಮ್ಮಲ್ಲಿ ಎಷ್ಟು ಜನ ಹಾಗೆ ಮಾಡಿಯೇವು ಎಂಬುದನ್ನು ಅವರವರ ಮನಸ್ಸಿಗೇ ಬಿಡೋಣ.

ಹುಬ್ಬಳ್ಳಿಯಲ್ಲಿ ಅವರು ಯುವಕರನ್ನು ಕೂಡಿಸಿ ಸೇವಾಮಂಡಲವನ್ನು ಕಟ್ಟಿದರು. ಅದರ ಸತ್ವಪರೀಕ್ಷೆ ಬೇಗನೆ ಬಂತು. 1923ರಲ್ಲಿ ನಾಗಪುರದಲ್ಲಿ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಸರ್ಕಾರ ತಡೆದಾಗ ಧ್ವಜ ಸತ್ಯಾಗ್ರಹ ಆರಂಭವಾಯಿತು. ನಾನಾ ಪ್ರಾಂತಗಳಿಂದ ಸ್ವಯಂಸೇವಕರು ಹೋಗಿ ಬಂಧನಕ್ಕೊಳಗಾದರು. ಜೈಲಿನ ಕಠೋರ ದುಡಿಮೆ ಮತ್ತು ಹಿಂಸೆ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದವರು ಅನೇಕರು. ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಉತ್ಸಾಹ ಎಲ್ಲರಲ್ಲೂ ಇತ್ತು. ಇವರಲ್ಲಿ ಅದರ ಜೊತೆಗೆ ತರಬೇತಿಯೂ ಇತ್ತು. ಈ ವ್ಯತ್ಯಾಸ ಕಾಂಗ್ರೆಸ್ಸಿನ ಹಿರಿಯರ ಕಣ್ಣಿಗೆ ಬಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದುಸ್ತಾನಿ ಸೇವಾದಳ ಜನ್ಮತಾಳಿತು. ಜವಾಹರಲಾಲ್ ನೆಹರೂ ಅಧ್ಯಕ್ಷರಾದರು. ಹೊಣೆ ಹೊತ್ತವರು ಹರ್ಡೀಕರ್. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಸಮವಸ್ತ್ರ ಮತ್ತು ಕವಾಯತನ್ನು ಕಂಡು, ಅಹಿಂಸೆಯ ಚಳವಳಿಯೊಳಗೆ ಸೈನ್ಯವೊಂದು ಬೆಳೆದೀತೆಂದು ಅಂಜಿದ ಕಾಂಗ್ರೆಸ್ಸಿಗರೂ ಇದ್ದರು. ಹರ್ಡೀಕರ್ ವಾದಕ್ಕಿಂತ ಕೆಲಸದಿಂದ ಉತ್ತರ ಕೊಟ್ಟರು. ಶಿಬಿರಗಳನ್ನು ನಡೆಸಿದರು, ವಾಲಂಟಿಯರ್ ಎಂಬ ಪತ್ರಿಕೆ ಹೊರಡಿಸಿದರು, ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಧ್ವಜವಂದನೆಯ ಪದ್ಧತಿಯನ್ನು ರೂಢಿಗೆ ತಂದರು.

ಸಾರ್ವಜನಿಕ ಆರೋಗ್ಯದ ಪದವೀಧರನಿಗೆ ತಕ್ಕ ಪರೀಕ್ಷೆ ಬಂದದ್ದು 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಅಧಿವೇಶನದಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರು ಒಟ್ಟು ವ್ಯವಸ್ಥೆಯ ಹೊಣೆ ಹೊತ್ತರೆ, ಸ್ವಯಂಸೇವಕರ ನಾಯಕತ್ವ ಹರ್ಡೀಕರ್ ಅವರದು. ಸಾವಿರಾರು ಜನ ಬಯಲಲ್ಲಿ ಡೇರೆ ಹಾಕಿ ದಿನಗಟ್ಟಲೆ ಉಳಿಯುವ ಕಡೆ ನೀರು ಕೆಟ್ಟರೆ ಅಥವಾ ಪಾಯಿಖಾನೆ ತುಂಬಿದರೆ ಕಾಲರಾ ಬರಲು ತಡವಾಗದು. ಟಿಳಕವಾಡಿಯಲ್ಲಿ ಹೊಸದಾಗಿ ಬಾವಿ ತೋಡಲಾಯಿತು; ಅದು ಮುಂದೆ ಕಾಂಗ್ರೆಸ್ ಬಾವಿ ಎಂದೇ ಹೆಸರಾಯಿತು. ಕಸ, ಮಲ ತೆಗೆಯುವ ಕೆಲಸಕ್ಕೆ ಮೇಲುಜಾತಿಯ ಹುಡುಗರೂ ಮುಂದೆ ಬಂದರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಹೆಣ್ಣುಮಕ್ಕಳ ದಳವನ್ನು ಕಟ್ಟಿ ತಂದರು. ಮನೆಯ ಹೊಸ್ತಿಲು ದಾಟದ ಹೆಂಗಸರು, ವಿಧವೆಯರು ಕೂಡ ಸಮವಸ್ತ್ರ ತೊಟ್ಟು ಜನಸಂದಣಿಯನ್ನು ನಿಯಂತ್ರಿಸುವುದೆಂದರೆ ಆ ಕಾಲದ ಕರ್ನಾಟಕದಲ್ಲಿ ಸಣ್ಣ ಮಾತಲ್ಲ. ಉಮಾಬಾಯಿಯವರ ಈ ಮುಂದಾಳ್ತನಕ್ಕೆ ಹರ್ಡೀಕರ್ ಬೆನ್ನೆಲುಬಾಗಿ ನಿಂತರು.

1931ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯನ್ನಾಗಿ ಒಪ್ಪಿಕೊಂಡಿತು. ಹತ್ತು ವರ್ಷಗಳ ದುಡಿಮೆ ಮನ್ನಣೆ ಕಂಡಿತು ಎನ್ನುವಷ್ಟರಲ್ಲಿ, 1932ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದಾಗಲೂ ಸೇವಾದಳದ ಮೇಲಿನದು ತೆರವಾಗಲಿಲ್ಲ. ಸಭೆಗಳಿಗಿಂತ ಶಿಸ್ತಿನ ಸಂಘಟನೆಗೆ ಸರ್ಕಾರ ಹೆಚ್ಚು ಹೆದರಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಒಬ್ಬ ಮನುಷ್ಯನ ಬಾಳಿನ ದೃಷ್ಟಿಯಿಂದ ನೋಡಿದರೆ ಅದು ಕ್ರೂರವಾದ ಪೆಟ್ಟು. ವೃತ್ತಿಯನ್ನು ಬಿಟ್ಟು ಕಟ್ಟಿದ ಸಂಸ್ಥೆ, ನಲವತ್ತೆರಡು ನಲವತ್ತಮೂರರ ವಯಸ್ಸಿನಲ್ಲಿ ಕೈತಪ್ಪಿಹೋಯಿತು.

ಅವರಿಗೆ ಆಸರೆಯಾದದ್ದು ಮೊದಲು ಕಲಿತ ವಿದ್ಯೆಯೇ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1929ರಲ್ಲಿ ಡಾ. ಕೊಕಟನೂರ, ಡಾ. ವೈದ್ಯ ಅವರೊಂದಿಗೆ ಸೇರಿ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟನ್ನು ಅವರು ಸ್ಥಾಪಿಸಿದ್ದರು. ಊರ ಗದ್ದಲದಿಂದ ದೂರವಾದ, ಹಳ್ಳಿಯ ಬಡವರಿಗೆ ಎಟಕುವ ಆರೋಗ್ಯಧಾಮವದು. ಮಿಶಿಗನ್ನಿನಲ್ಲಿ ಪಡೆದ ಪದವಿ ಘಟಪ್ರಭೆಯ ದಂಡೆಯಲ್ಲಿ ಸಾರ್ಥಕವಾಯಿತು.

ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಕರ್ನಾಟಕದ ಶಾಲೆಗಳಲ್ಲಿ ಭಾರತ ಸೇವಾದಳವೆಂಬ ಹೆಸರಿನಿಂದ ಅವರ ಶಿಸ್ತಿನ ಪಾಠ ಮಕ್ಕಳಿಗೆ ಮುಂದುವರಿಯಿತು. 1975ರ ಆಗಸ್ಟ್ 26ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗಾಗಿ ಅಂಚೆ ಚೀಟಿಯನ್ನು ಹೊರತಂದಿತು. ಧ್ವಜಕ್ಕಾಗಿ ಹುಡುಗರು ಜೈಲಿಗೆ ಹೋದ ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಖಾದಿ ಸಂಘವೊಂದು ಸ್ಥಾಪನೆಯಾಯಿತು. ಖಾದಿಯ ರಾಷ್ಟ್ರಧ್ವಜವನ್ನು ಶಾಸ್ತ್ರೋಕ್ತ ಅಳತೆಯಲ್ಲಿ ಹೊಲಿಯುವ ಆ ಸಂಘದ ಹೆಸರು ದೇಶಕ್ಕೆಲ್ಲ ಗೊತ್ತು.

ನಮಗೇನು ಪಾಠ?

ಇಲ್ಲಿ ಖಲೀಫಾ ಸಿಟಿಯಲ್ಲಿಯೋ ದುಬೈಯಲ್ಲಿಯೋ ಇರುವ ನಾವು ಈ ನಾಡಿನ ಅತಿಥಿಗಳು. ಅತಿಥಿಯ ಮರ್ಯಾದೆ ನಮಗೆ ತಿಳಿದಿದೆ. ರಾಜಕೀಯ ನಮ್ಮ ಕೆಲಸವಲ್ಲ. ಹರ್ಡೀಕರ್ ಅವರ ಕಾಲವೂ ಅಗತ್ಯಗಳೂ ಬೇರೆ. ಆದರೆ ಅವರ ಬಾಳಿನಲ್ಲಿ ಭಾಷಣಕ್ಕಿಂತ ಹೆಚ್ಚು ಕಾಲ ಬಾಳಿದ್ದು ದಿನನಿತ್ಯದ ಸಣ್ಣ ಶಿಸ್ತು. ವೇಳೆಗೆ ಸರಿಯಾಗಿ ಸೇರುವುದು, ಲೆಕ್ಕ ಚೊಕ್ಕವಾಗಿಡುವುದು, ಒಪ್ಪಿಕೊಂಡ ಕೆಲಸವನ್ನು ಕೊನೆಯವರೆಗೂ ಮಾಡುವುದು, ಹೊಲಸಿನ ಕೆಲಸಕ್ಕೆ ಮೂಗು ಮುರಿಯದಿರುವುದು. ಇವಿಷ್ಟು ಇದ್ದರೆ ಊರಿಂದ ಹೊಸದಾಗಿ ಬಂದಿಳಿದ ಹುಡುಗನಿಗೆ ಆಸ್ಪತ್ರೆಯ ದಾರಿ ತೋರಿಸುವುದಕ್ಕೂ, ರಕ್ತದಾನದ ಪಟ್ಟಿಯನ್ನು ಸದಾ ಸಿದ್ಧವಾಗಿಡುವುದಕ್ಕೂ, ಶುಕ್ರವಾರವೋ ಶನಿವಾರವೋ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುವುದಕ್ಕೂ ಸಂಘ ಸಮರ್ಥವಾಗುತ್ತದೆ. ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ ಹಾರ ಹಾಕಿಸಿಕೊಳ್ಳುವುದಕ್ಕೆ ಇಷ್ಟೆಲ್ಲ ಬೇಕಿಲ್ಲ.

ಪರದೇಶದಲ್ಲಿ ಕಲಿತದ್ದನ್ನು ಊರಿಗೆ ಒಯ್ಯಬಹುದು, ಇಲ್ಲವೇ ಇದ್ದ ಊರಲ್ಲೇ ನಮ್ಮವರಿಗೆ ಒದಗಿಸಬಹುದು. ಎರಡೂ ಒಳ್ಳೆಯ ದಾರಿಗಳೇ. ಮಕ್ಕಳು ಈ ಸಂಚಿಕೆಯನ್ನು ತಿರುವಿಹಾಕಿ, ಸೇವಾದಳ ಎಂದರೇನು ಎಂದು ಕೇಳಿದರೆ, ತಂದೆತಾಯಿಗಳು ಎರಡು ನಿಮಿಷ ಕೂತು ಹುಬ್ಬಳ್ಳಿಯ ಆ ಡಾಕ್ಟರ ಕಥೆಯನ್ನು ಹೇಳಬೇಕೆಂದು ಕೋರುತ್ತೇವೆ. ಆ ಮಹನೀಯರಿಗೆ ನಮ್ಮ ನಮನಗಳು.